ಹಿಟ್ಟಿನ ದೂಳಿಗೆ ಸೈ, ಟೂ-ಪ್ಯಾಕ್ ಪೇಂಟಿಗೆ ಬೇಡ: ತ್ರೀಎಂ 6200 ಅರ್ಧಮುಖದ ಮಾಸ್ಕ್

6200 ಕೊಂಡರೆ ಕೈಗೆ ಬರುವುದು ಖಾಲಿ ಮಾಸ್ಕ್ ಮಾತ್ರ. ಫಿಲ್ಟರ್ ಬೇರೆ ಕೊಳ್ಳಬೇಕು. ಇದೇ ಸರಣಿಯಲ್ಲಿ 6100 ಚಿಕ್ಕ ಅಳತೆ, 6200 ಮಧ್ಯಮ, 6300 ದೊಡ್ಡದು. ಫಿಲ್ಟರುಗಳು ಮೂರಕ್ಕೂ ಒಂದೇ. ಕೆಲಸದ ಜಾಗದಲ್ಲಿ ಉಬ್ಬಸ ಹತ್ತಿಸುವ ವಸ್ತುಗಳ ನಡುವೆ ದುಡಿಯುವವರಿಗೆ ಈ ಮಾಸ್ಕ್ ಆಗಿಬರುತ್ತದೆಯೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ಆ ಫಿಲ್ಟರಿನ ಮೇಲೇ ನಿಂತಿದೆ. ಬಹುತೇಕರು ತಪ್ಪುವುದೂ ಅಲ್ಲೇ.

ಬೇಕರಿಯ ಹಿಟ್ಟು, ಹಿಟ್ಟಿಗೆ ಬೆರೆಸುವ ಆಲ್ಫಾ ಅಮೈಲೇಸ್ ಕಿಣ್ವ, ಡಿಟರ್ಜೆಂಟ್ ಪುಡಿಯ ಪ್ರೋಟಿಯೇಸ್, ಮರದ ಹೊಟ್ಟು, ಪ್ರಯೋಗಾಲಯದ ಇಲಿಗಳ ಕೂದಲಿನ ದೂಳು ಇವೆಲ್ಲ ಕಣಗಳು. ಇವಕ್ಕೆ ಬೇಕಾದದ್ದು 2091 ಎಂಬ ಚಪ್ಪಟೆ, ಗಾಢ ಗುಲಾಬಿ ಬಣ್ಣದ ಪಿ100 ಫಿಲ್ಟರ್. 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಅದು ಹಿಡಿಯುತ್ತದೆ. ಆದರೆ ಅಂಗಡಿಯಲ್ಲಿ ಕಪ್ಪು ಪಟ್ಟಿಯ ದಪ್ಪ 6001 ಕಾರ್ಟ್ರಿಜ್ ನೋಡಿದವರು ದಪ್ಪಗಿದ್ದದ್ದೇ ಗಟ್ಟಿ ಎಂದುಕೊಂಡು ಅದನ್ನೇ ಎತ್ತಿಕೊಳ್ಳುತ್ತಾರೆ. ಅದರೊಳಗಿರುವುದು ದ್ರಾವಕಗಳ ಆವಿ ಹೀರುವ ಇದ್ದಿಲು. ಹಿಟ್ಟು, ಕಿಣ್ವಗಳ ದೂಳನ್ನು ತಡೆಯುವ ಫಿಲ್ಟರ್ ಅದಲ್ಲ. 2091ರದ್ದು ಇದಕ್ಕೆ ತದ್ವಿರುದ್ಧ: ಥಿನ್ನರ್ ಆವಿ ಅದರೊಳಗಿಂದ ಸಲೀಸಾಗಿ ದಾಟಿ ಬರುತ್ತದೆ. ದೂಳು, ಆವಿ ಎರಡೂ ಇರುವ ಕಡೆ ಎರಡನ್ನೂ ತಡೆಯುವ 60921 ಬೇಕು. ನಡುವೆ 2097 ಎಂಬುದೊಂದಿದೆ, ಅದರ ತೆಳು ಇದ್ದಿಲ ಪದರ ಕೆಲಸದ ಜಾಗದ ಸುರಕ್ಷತಾ ಮಿತಿಗಿಂತ ಕೆಳಗಿರುವ ಕಿರಿಕಿರಿಯ ವಾಸನೆಗಷ್ಟೇ. ಆವಿಯ ಕಾರ್ಟ್ರಿಜ್ ಎಂದು ಅದನ್ನು ನಂಬಬಾರದು.

ಇನ್ನು ರಕ್ಷಣೆಯ ಲೆಕ್ಕ. ಫಿಲ್ಟರ್ ಎಷ್ಟೇ ಚೆನ್ನಾಗಿರಲಿ, ಅರ್ಧಮುಖದ ಮಾಸ್ಕಿಗೆ ಅಮೆರಿಕ ಸರ್ಕಾರದ ಕೆಲಸದ ಸುರಕ್ಷತಾ ಸಂಸ್ಥೆಯಾದ ಓಶಾದ ನಿಯಮ ಕೊಟ್ಟಿರುವ ರಕ್ಷಣಾ ಅಂಕ 10. ಅಂದರೆ ಹೊರಗಿನ ಗಾಳಿಯಲ್ಲಿರುವುದರ ಹತ್ತನೇ ಒಂದು ಪಾಲು ಒಳಗೆ ಬರಬಹುದು ಎಂದೇ ಹಿಡಿಯಬೇಕು. ಸೋರಿಕೆ ಆಗುವುದು ಫಿಲ್ಟರಿನಿಂದಲ್ಲ, ಮೂಗಿನ ಪಕ್ಕದಿಂದ, ಗಲ್ಲದ ಕೆಳಗಿನಿಂದ. ಡಿಟರ್ಜೆಂಟಿನಲ್ಲಿ ಬಳಸುವ ಸಬ್‌ಟಿಲಿಸಿನ್ ಕಿಣ್ವಕ್ಕೆ ಎಸಿಜಿಐಎಚ್ ಎಂಬ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆ ಇಟ್ಟಿರುವ ಮೇಲ್ಮಿತಿ ಘನ ಮೀಟರಿಗೆ 60 ನ್ಯಾನೊಗ್ರಾಂ. ಹತ್ತರಿಂದ ಗುಣಿಸಿದರೆ 600. ಹೊರಗಿನ ಗಾಳಿ ಅದನ್ನು ದಾಟಿದ ಗಳಿಗೆಗೆ 6200ರ ಲೆಕ್ಕ ಮುಗಿಯಿತು. 600 ನ್ಯಾನೊಗ್ರಾಂ ಎಂದರೆ ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲೂ ಇಲ್ಲ, ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಹಿಟ್ಟಿನ ದೂಳಿಗೆ ಅದೇ ಸಂಸ್ಥೆಯ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 0.5 ಮಿಲಿಗ್ರಾಂ, ಚೀಲ ಸುರಿಯುವ ಜಾಗದಲ್ಲಿ ದೂಳು ಎಳೆದುಕೊಳ್ಳುವ ಹೀರುಗೊಳವೆ ಇಲ್ಲದೆ ಬರೀ ಮಾಸ್ಕ್ ಕೊಟ್ಟು ಕೈತೊಳೆದುಕೊಂಡ ಮಾಲೀಕರು ಇದನ್ನೊಮ್ಮೆ ಓದಿಕೊಳ್ಳಲಿ.

ಕೂರಿಸುವ ಕ್ರಮ ಹೀಗೆ. ಮೇಲಿನ ತಲೆಪಟ್ಟಿಯನ್ನು ನೆತ್ತಿಗೆ ಹಾಕಿ, ಕೆಳಗಿನ ಎರಡು ಪಟ್ಟಿಗಳ ಕೊಕ್ಕೆಯನ್ನು ಕತ್ತಿನ ಹಿಂದೆ ಸೇರಿಸಬೇಕು. ಬಿಗಿ ಮಾಡುವಾಗ ಮೊದಲು ಮೇಲಿನದು, ಆಮೇಲೆ ಕೆಳಗಿನದು, ಎರಡೂ ಬದಿ ಸಮನಾಗಿ. ಜೋರಾಗಿ ಬಿಗಿದರೆ ಸೋರಿಕೆ ನಿಲ್ಲುತ್ತದೆ ಎನ್ನುವುದು ಸುಳ್ಳು; ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ನಂತರ ಎದುರಿನ ಉಸಿರು ಹೊರಬಿಡುವ ವಾಲ್ವಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಉಸಿರು ಬಿಡಿ, ಮಾಸ್ಕ್ ತುಸು ಉಬ್ಬಿ ನಿಲ್ಲಬೇಕು. 2091 ಹಾಕಿದ್ದರೆ ಎರಡೂ ಫಿಲ್ಟರಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಮೆಲ್ಲಗೆ ಉಸಿರೆಳೆಯಿರಿ, ಮಾಸ್ಕ್ ಮುಖಕ್ಕೆ ಅಂಟಿಕೊಳ್ಳಬೇಕು. ಕಣ್ಣಿನ ಕಡೆಗೆ ಗಾಳಿ ಹರಿದರೆ ಮೂಗಿನ ಪಕ್ಕ ಸೋರುತ್ತಿದೆ. ಇಷ್ಟನ್ನು ಪ್ರತಿ ಸಲ ಹಾಕಿದಾಗಲೂ ಮಾಡಬೇಕು. ವರ್ಷಕ್ಕೊಮ್ಮೆ ಸಿಹಿಯ ಸ್ಯಾಕರಿನ್ ಅಥವಾ ಕಹಿಯ ಬಿಟ್ರೆಕ್ಸ್ ಸಿಂಪಡಿಸಿ, ರುಚಿ ಒಳಗೆ ತಿಳಿಯುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್ ಬೇರೆಯೇ, ಅದಕ್ಕಿದು ಬದಲಿಯಲ್ಲ. ಅಂಚು ಕೂರುವ ಜಾಗದಲ್ಲಿ ಗಡ್ಡವಿದ್ದರೆ, ಎರಡು ದಿನದ ಕುರುಚಲಾದರೂ ಸರಿ, ಯಾವ ಟೆಸ್ಟಿಗೂ ಅರ್ಥವಿಲ್ಲ.

ಮಾಸ್ಕಿನ ದೊಡ್ಡ ಕೊರತೆ ಪಟ್ಟಿಯದ್ದೇ. ತಲೆಯಿಂದ ತೆಗೆಯದೆ ಎದೆಗೆ ಇಳಿಬಿಡುವ ಸೌಲಭ್ಯ 6200ರಲ್ಲಿಲ್ಲ. ಮಾತು ಅಸ್ಪಷ್ಟವಾಗಿ ಕೇಳುವುದರಿಂದ ಜನ ಗಳಿಗೆಗೊಮ್ಮೆ ಅಂಚನ್ನು ಎತ್ತಿ ಮಾತಾಡುತ್ತಾರೆ, ಇಲ್ಲವೇ ಬಿಚ್ಚಿ ಹಿಟ್ಟಿನ ಮೇಜಿನ ಮೇಲೆಯೇ ಮಗುಚಿ ಇಡುತ್ತಾರೆ. ಒಳಗೆ ಕೂತ ದೂಳು ಮುಂದಿನ ಉಸಿರಿನಲ್ಲಿ ನೇರ ಶ್ವಾಸಕೋಶಕ್ಕೆ. ಸಿಲಿಕೋನಿನ 7500 ಸರಣಿಯಲ್ಲಿ ಇಳಿಬಿಡುವ ಪಟ್ಟಿ ಇದೆ, ಫಿಲ್ಟರುಗಳೂ ಇವೇ ಕೂರುತ್ತವೆ. ಪಾಳಿಯಿಡೀ ಹಾಕುವವರು ಆ ಕಡೆ ನೋಡುವುದು ಒಳ್ಳೆಯದು. 6200 ದಿನಕ್ಕೆ ಒಂದೆರಡು ಗಂಟೆಯ ಕೆಲಸಕ್ಕೆ ಸರಿ.

ಈಗ ಐಸೊಸಯನೇಟ್. ಗಟ್ಟಿಕಾರಕ ಬೆರೆಸುವ ಟೂ-ಪ್ಯಾಕ್ ಪಾಲಿಯುರೆಥೇನ್ ಪೇಂಟ್, ಸ್ಪ್ರೇ ಫೋಮ್, ಕೆಲವು ಅಂಟುಗಳಲ್ಲಿ ಇರುವ ವಸ್ತು ಇದು. ಪೇಂಟ್ ಸಿಂಪಡಿಸಲು 60921 ಹಾಕಿದ 6200 ಸಾಕೇ ಎಂದು ಕೇಳಿದರೆ ನಮ್ಮ ಉತ್ತರ ಸಾಲದು ಎಂದೇ. ಐಸೊಸಯನೇಟುಗಳ ಪೈಕಿ ಟಿಡಿಐ, ಎಂಡಿಐ ಎರಡಕ್ಕೂ ಓಶಾ ಮೇಲ್ಮಿತಿ 0.02 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿಗೆ 0.02 ಪಾಲು. ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಮಿತಿ ದಾಟಿರುತ್ತದೆ, ಹಾಗಾಗಿ ‘ವಾಸನೆ ಬಂದಾಗ ಕಾರ್ಟ್ರಿಜ್ ಬದಲಿಸುತ್ತೇನೆ’ ಎನ್ನುವ ಲೆಕ್ಕ ಇಲ್ಲಿ ನಡೆಯದು. ಸಿಂಪಡಿಸುವವರಿಗೆ ಬೇಕಾದದ್ದು ಕಂಪ್ರೆಸರಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ. ಅದನ್ನೂ ಗನ್ ನಿಲ್ಲಿಸಿದ ಕೂಡಲೇ ಎತ್ತುವಂತಿಲ್ಲ; ಬೂತಿನಲ್ಲಿ ಕಣ್ಣಿಗೆ ಕಾಣದ ಮಂಜು ಇನ್ನೂ ಹಲವು ನಿಮಿಷ ತೇಲುತ್ತಿರುತ್ತದೆ. ಕೈಗವಸು ಇಲ್ಲದೆ ಪೇಂಟ್ ಕಲಸುವುದೂ ಬೇಡ. ಚರ್ಮಕ್ಕೆ ತಾಗಿದ ಐಸೊಸಯನೇಟ್ ಕೂಡ ದೇಹವನ್ನು ಅಲರ್ಜಿಗೆ ಅಣಿಗೊಳಿಸಬಲ್ಲದು ಎಂಬುದಕ್ಕೆ ಪುರಾವೆಗಳಿವೆ.

ಉಬ್ಬಸ ಆಗಲೇ ಶುರುವಾಗಿದ್ದರೆ ಮಾಸ್ಕಿನ ವಿಮರ್ಶೆ ಓದುವುದಕ್ಕಿಂತ ಮೊದಲ ಕೆಲಸ ಬೇರೆ ಇದೆ. ಒಮ್ಮೆ ದೇಹ ಆ ವಸ್ತುವಿಗೆ ತಿರುಗಿಬಿದ್ದ ಮೇಲೆ ಅತಿ ಕಡಿಮೆ ಪ್ರಮಾಣವೂ ಸಾಕು, ಮಾಸ್ಕಿನಲ್ಲಿ ನುಸುಳುವ ಆ ಹತ್ತನೇ ಒಂದು ಪಾಲೇ ದಮ್ಮು ಕಟ್ಟಿಸುತ್ತದೆ. ಲಕ್ಷಣ ಕೆಲಸದ ಹೊತ್ತಿನಲ್ಲೇ ಬರಬೇಕೆಂದಿಲ್ಲ. ಎಷ್ಟೋ ಜನರಿಗೆ ಮನೆಗೆ ಬಂದ ಮೇಲೆ, ರಾತ್ರಿ, ಕೆಮ್ಮು ಹತ್ತುತ್ತದೆ. ಹಿಟ್ಟು, ಕಿಣ್ವಗಳಲ್ಲಿ ಮೂಗು ಸೋರಿ ಕಣ್ಣು ಕಡಿಯುವುದು ಸಾಮಾನ್ಯವಾಗಿ ಉಬ್ಬಸಕ್ಕಿಂತ ಮೊದಲೇ ಬರುತ್ತದೆ, ಅದನ್ನು ಶೀತವೆಂದು ತಳ್ಳಿಹಾಕಬೇಡಿ. ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರಿನಲ್ಲಿ ದಿನಕ್ಕೆ ಕನಿಷ್ಠ ನಾಲ್ಕು ಸಲ ಊದಿ, ಕೆಲಸದ ದಿನ, ರಜೆಯ ದಿನ ಎರಡೂ ಸೇರಿ ಎರಡರಿಂದ ನಾಲ್ಕು ವಾರ ಬರೆದಿಟ್ಟು ಎದೆರೋಗದ ವೈದ್ಯರಿಗೆ ತೋರಿಸಿ. ರೋಗನಿರ್ಣಯವಾಗುವ ಮೊದಲೇ ಕೆಲಸ ಬಿಟ್ಟರೆ ಈ ಹೋಲಿಕೆಯೇ ಕೈತಪ್ಪುತ್ತದೆ. ಉಸಿರಾಟ ತೀರಾ ಕಷ್ಟವಾಗುತ್ತಿದ್ದರೆ ಮಾತ್ರ ಪಟ್ಟಿ ಬರೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ತೊಳೆಯಲು ಫಿಲ್ಟರ್ ಕಳಚಿ, 49 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆದು ಬ್ರಷ್. ಸೋಂಕು ತೆಗೆಯಲು 7.5 ಲೀಟರ್ ನೀರಿಗೆ 30 ಮಿ.ಲೀ. ಮನೆಬಳಕೆಯ ಬ್ಲೀಚ್. ಕ್ವಾಟರ್ನರಿ ಅಮೋನಿಯಂ ದ್ರಾವಣವೂ ನಡೆಯುತ್ತದೆ ಎನ್ನುತ್ತದೆ ಕಂಪನಿ, ಆದರೆ ಎರಡೂ ಉಬ್ಬಸ ತರಬಲ್ಲ ರಾಸಾಯನಿಕಗಳೇ ಆದ್ದರಿಂದ ಯಾವುದನ್ನು ಬಳಸಿದರೂ ಗಾಳಿಯಾಡುವ ಕಡೆ ಬಳಸಿ, ಕೊನೆಗೆ ಚೆನ್ನಾಗಿ ಜಾಲಾಡಿಸಿ. ವಾಲ್ವಿನ ತೆಳು ಬಿಲ್ಲೆಯ ಕೆಳಗೆ ಹಿಟ್ಟಿನ ಒಂದು ಕಣ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ, ಎತ್ತಿ ನೋಡಿ. 2091 ಅನ್ನು ತೊಳೆಯಲೂಬಾರದು, ಏರ್ ಗನ್ನಿನಿಂದ ಊದಲೂಬಾರದು. ಉಸಿರೆಳೆಯುವುದು ಭಾರವಾದಾಗ ಬಿಸಾಡಿ. ಎಣ್ಣೆಯ ಮಂಜಿರುವ ಕಡೆ 40 ಗಂಟೆಯ ಬಳಕೆ ಅಥವಾ 30 ದಿನ, ಯಾವುದು ಮೊದಲೋ ಅದು. ಇದ್ದಿಲಿನ ಕಾರ್ಟ್ರಿಜ್ ಅನ್ನು ಕೆಲಸ ಮುಗಿದ ಮೇಲೆ ಗಾಳಿಯಾಡದ ಚೀಲದಲ್ಲಿ ಮುಚ್ಚಿಡಿ, ಹೊರಗೆ ಬಿಟ್ಟರೆ ಮೊಳೆಗೆ ತೂಗುಹಾಕಿದಲ್ಲೇ ಆವಿ ಹೀರುತ್ತಾ ಸವೆಯುತ್ತದೆ.