ಗಲ್ಲಿ ಟ್ರ್ಯಾಪ್ ತರುವ ಮುಂಚೆ ಚೇಂಬರ್ ಮುಚ್ಚಳ ಎತ್ತಿ ನೋಡಿ

ಮನೆ ಕಟ್ಟಿಸುತ್ತಿದ್ದೀರಾ, ಇಲ್ಲಾ ಹಿತ್ತಲಿನ ಪೈಪು ಬದಲಿಸುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಮೈಸೂರಿನ ನಮ್ಮ ಮನೆಯಲ್ಲಿ ಎರಡು ವರ್ಷದಲ್ಲಿ ಒಂದೇ ಜಾಗವನ್ನು ಮೂರು ಸಲ ಅಗೆಸಿದ್ದೇನೆ. ಜಾಗ ಅಂದರೆ ಎರಡಡಿ ಚೌಕ, ಅಷ್ಟೇ. ಅಡುಗೆಮನೆ ಸಿಂಕು, ಪಾತ್ರೆ ತೊಳೆಯುವ ಕಲ್ಲು, ವಾಷಿಂಗ್ ಮೆಷಿನ್, ಮೂರರ ನೀರೂ ಅಲ್ಲಿ ಬಿದ್ದು, ಚೇಂಬರ್‌ಗೆ, ಅಂದರೆ ಪೈಪುಗಳು ಬಂದು ಕೂಡುವ ಮುಚ್ಚಳದ ಗುಂಡಿಗೆ ಹೋಗಿ, ಅಲ್ಲಿಂದ ರಸ್ತೆಯ ಯುಜಿಡಿ, ಅಂದರೆ ಒಳಚರಂಡಿ ಸೇರುತ್ತದೆ. ಆ ಜಾಗದಲ್ಲಿ ಕೂರಿಸಬೇಕಾದ್ದೇ ಗಲ್ಲಿ ಟ್ರ್ಯಾಪ್: ಕೊಳೆ ನೀರನ್ನು ಹೋಗಲು ಬಿಟ್ಟು, ಚರಂಡಿ ಗಾಳಿಯನ್ನು ಒಳಗೆ ನಿಂತ ನೀರಿನಿಂದ ತಡೆಯುವ ಸಾಧನ.

ಮೊದಲು ಪ್ಲಂಬರ್ ಹಾಕಿದ್ದು ಬಚ್ಚಲುಮನೆ ನೆಲಕ್ಕೆ ಹಾಕುವಂಥ ಪುಟ್ಟ ಟ್ರ್ಯಾಪ್. ಜಾಲರಿ ತೆಗೆದರೆ ಒಳಗೊಂದು ಬಟ್ಟಲು ಬೋರಲಾಗಿ ಕೂತಿರುತ್ತದಲ್ಲ, ಅದು. ಬಟ್ಟಲಿನ ಅಂಚು ನೀರಲ್ಲಿ ಮುಳುಗಿರುವ ತನಕ ಮಾತ್ರ ಚರಂಡಿ ಗಾಳಿ ಮೇಲೆ ಬರುವುದಿಲ್ಲ. ಸ್ನಾನದ ನೀರಿಗೆ ಅದು ಹೇಗೋ ನಡೆದೀತು. ಪಾತ್ರೆ ತೊಳೆದ ನೀರು ಹಾಗಲ್ಲ. ಅದರಲ್ಲಿ ಗಂಜಿ, ಎಣ್ಣೆ ಜಿಡ್ಡು, ಕರಿಬೇವು, ಉಜ್ಜುವ ನಾರು ಎಲ್ಲ ಇರುತ್ತದೆ. ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಬೇಸತ್ತ ಅಮ್ಮ ಆ ಬಟ್ಟಲನ್ನೇ ಎತ್ತಿ ಪಕ್ಕಕ್ಕಿಟ್ಟರು. ‘ನೋಡೋ, ಈಗ ಎಷ್ಟು ಸಲೀಸಾಗಿ ಹೋಗತ್ತೆ’ ಅಂದರು. ಹೋಯಿತು ನಿಜ. ಅವತ್ತು ರಾತ್ರಿಯಿಂದಲೇ ಕೊಳೆತ ಮೊಟ್ಟೆಯ ವಾಸನೆ ಶುರುವಾಯಿತು, ಹಿಂದೆಯೇ ಜಿರಲೆಗಳು. ಬಟ್ಟಲು ತೆಗೆದ ಮೇಲೆ ಚೇಂಬರ್‌ಗೂ ನಮ್ಮ ಹಿತ್ತಲಿಗೂ ನಡುವೆ ತಡೆಯೇ ಇರಲಿಲ್ಲ.

ಎರಡನೇ ಸಲ ನಾನೇ ಅಂಗಡಿಗೆ ಹೋಗಿ ಗಲ್ಲಿ ಟ್ರ್ಯಾಪ್ ಕೇಳಿದೆ. ‘ಪಿ ಬೇಕಾ, ಎಸ್ ಬೇಕಾ ಸಾರ್?’ ಅಂದರು. ‘ಯಾವುದಿದೆಯೋ ಕೊಡಿ’ ಅಂದುಬಿಟ್ಟೆ. ಇಡೀ ಕಥೆಯಲ್ಲಿ ದುಡ್ಡು ಜಾಸ್ತಿ ಹೋಗಿದ್ದು ಈ ಒಂದು ಮಾತಿಗೆ! ಎರಡಕ್ಕೂ ಮೇಲೆ ಒಂದೇ ಥರದ ಬಾಯಿ, ಒಳಗೆ ನೀರು ನಿಲ್ಲುವ ಬಾಗು. ವ್ಯತ್ಯಾಸ ಇರುವುದು ನೀರು ಹೊರಗೆ ಹೋಗುವ ಕಡೆ. ಪಿ ಆದರೆ ಹೆಚ್ಚುಕಮ್ಮಿ ಅಡ್ಡಕ್ಕೆ ಹೋಗುತ್ತದೆ, ಎಸ್ ಆದರೆ ಸೀದಾ ಕೆಳಕ್ಕೆ. ಕ್ಯೂ ಅಂತ ಇನ್ನೊಂದಿದೆ, ಅದು ಇವೆರಡರ ನಡುವೆ ಓರೆಯಾಗಿ. ಕೆಳಗೆ ಆಳದಲ್ಲಿ ಲೈನ್ ಇದ್ದವರಿಗೆ ಎಸ್ ಸರಿ. ನಮ್ಮ ಚೇಂಬರ್ ಇರುವುದು ನಾಲ್ಕಡಿ ಪಕ್ಕಕ್ಕೆ, ಅದೂ ಮೇಲುಮೇಲೆ. ನನಗೆ ಸಿಕ್ಕಿದ್ದು ಎಸ್. ಅದನ್ನು ಕೂರಿಸಲು ಗುಂಡಿ ಆಳ ಮಾಡಿ, ಕೆಳಗೊಂದು ಎಲ್ಬೋ ಕೊಟ್ಟು ಪಕ್ಕಕ್ಕೆ ತಿರುಗಿಸಿದರು. ಪೈಪು ಚೇಂಬರ್ ಮುಟ್ಟುವಷ್ಟರಲ್ಲಿ ಇಳಿಜಾರೇ ಉಳಿದಿರಲಿಲ್ಲ. ನಾಲ್ಕಿಂಚಿನ ಪೈಪಿಗೆ 40 ಅಡಿಗೆ 1 ಅಡಿ ಲೆಕ್ಕದಲ್ಲಿ ಇಳಿಜಾರು ಕೊಡುವುದು ವಾಡಿಕೆ, ಅಂದರೆ ನಮ್ಮ ನಾಲ್ಕಡಿಗೆ ಇಂಚಿನ ಮೇಲಿಷ್ಟು ಸಾಕಿತ್ತು. ಅದೂ ಇಲ್ಲದೆ ನೀರು ಪೈಪಲ್ಲೇ ನಿಂತಿತು. ಜಿಡ್ಡು ತಣ್ಣಗಾಗಿ ಹೆಪ್ಪುಗಟ್ಟಿತು. ಮೂರು ತಿಂಗಳಿಗೆ ಮತ್ತೆ ಹಾರೆ ಪಿಕಾಸಿ.

ಸಾಲದ್ದಕ್ಕೆ ಟ್ರ್ಯಾಪಿನ ಬಾಯನ್ನು ಅಂಗಳದ ಮಟ್ಟಕ್ಕೇ ಇಟ್ಟಿದ್ದರು. ಅಕ್ಟೋಬರ್ ಮಳೆಗೆ ಅಂಗಳದ ಮಣ್ಣೆಲ್ಲ ಅದರೊಳಗೆ. ಮಳೆ ನೀರನ್ನು ಯುಜಿಡಿಗೆ ಬಿಡುವ ಹಾಗೇ ಇಲ್ಲ, ಅದು ಬೇರೆ ಮಾತು.

ಈಗಿರುವುದು ಪಿ. ಈ ಸಲ ಚೇಂಬರ್ ಮುಚ್ಚಳ ಎತ್ತಿ, ಪೈಪು ಸೇರುವ ಆಳ, ದಿಕ್ಕು ಎರಡನ್ನೂ ಅಳೆದುಕೊಂಡೇ ಅಂಗಡಿಗೆ ಹೋದೆ. ಬಾಗಿನಲ್ಲಿ ತಡೆಯಾಗಿ ನಿಲ್ಲುವ ನೀರು ಕನಿಷ್ಠ 50 ಮಿಲಿಮೀಟರ್ ಇರಬೇಕು, ಅದನ್ನೂ ನೋಡಿದೆ. ಸುತ್ತ ಇಟ್ಟಿಗೆ ಕಟ್ಟಿಸಿ ಬಾಯನ್ನು ಅಂಗಳಕ್ಕಿಂತ ಒಂದು ಗೇಣು ಎತ್ತರಿಸಿದೆ. ಸಿಂಕಿನ ಪೈಪು ಮೊದಲು ಜಾಲರಿ ಮೇಲೆ ಸುರಿಯುತ್ತಿತ್ತು, ಅನ್ನದ ಅಗುಳು ಅಲ್ಲೇ ಕೂತು ನೊಣ ಮುತ್ತುತ್ತಿದ್ದವು. ಈಗ ಜಾಲರಿಯ ಕೆಳಗೆ, ನಿಂತ ನೀರಿನ ಮೇಲೆ ಬೀಳುತ್ತದೆ.

ಪಿಂಗಾಣಿ ಹೊಳಪಿನ ಸ್ಟೋನ್‌ವೇರ್ ಒಳ್ಳೆಯದೋ ಪಿವಿಸಿ ಒಳ್ಳೆಯದೋ ಅಂತ ಕೇಳಬಹುದು. ಪಿವಿಸಿ ಹಗುರ, ಪಕ್ಕದಲ್ಲೇ ಪೈಪು ಸೇರಿಸುವ ಕಿಂಡಿ ಇರುವಂಥವೂ ಸಿಗುತ್ತವೆ. ಆದರೆ ನಮ್ಮಮ್ಮ ಅನ್ನದ ಗಂಜಿಯನ್ನು ಕುದಿಕುದಿಯುತ್ತಲೇ ಬಸಿಯುವವರು, ಆ ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆ. ಅದಕ್ಕೇ ಸ್ಟೋನ್‌ವೇರ್ ತಂದೆ. ಭಾರ ಜಾಸ್ತಿ, ಕೈಜಾರಿದರೆ ಚೂರು.

ಇನ್ನೊಂದು. ‘ಕಕ್ಕಸಿನ ಪೈಪನ್ನೂ ಇದಕ್ಕೇ ಸೇರಿಸಿಬಿಡೋಣ ಸಾರ್, ಪೈಪು ಉಳಿಯತ್ತೆ’ ಅಂದರೆ ಒಪ್ಪಲೇಬೇಡಿ. ನಮ್ಮಲ್ಲೂ ಅಂದಿದ್ದರು. ಅದು ಬೇರೆಯಾಗಿ ಸೀದಾ ಚೇಂಬರ್‌ಗೇ ಹೋಗಬೇಕು.

ಸಿಮೆಂಟ್ ಹಾಕುವ ಮುಂಚೆ ಎರಡು ಬಕೆಟ್ ನೀರು ಸುರಿಸಿ. ಚೇಂಬರ್‌ನಲ್ಲಿ ರಭಸವಾಗಿ ಬರಬೇಕು, ಆಮೇಲೆ ಟಾರ್ಚ್ ಬಿಟ್ಟರೆ ಬಾಗಿನಲ್ಲಿ ನಿಂತ ನೀರು ಕಾಣಬೇಕು. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ತುಂಬಾ ದಿನ ಹೋದರೆ ಆ ನೀರು ಆರಿಹೋಗಿ ವಾಸನೆ ಬರುತ್ತದೆ. ಗಾಬರಿಯಾಗಿ ಪ್ಲಂಬರ್‌ಗೆ ಫೋನ್ ಮಾಡಬೇಡಿ, ಒಂದು ಬಕೆಟ್ ನೀರು ಹಾಕಿ ನೋಡಿ. ನಾನು ಮಾಡಿದ್ದೆ. ಆತ ಬಂದು ಒಂದು ಬಕೆಟ್ ನೀರು ಸುರಿದು, ಮುನ್ನೂರು ರೂಪಾಯಿ ಇಸ್ಕೊಂಡು ಹೋದ.