ನಾಲ್ಕು ಸುಗ್ಗಿ ಬಳಸಿದ ಮೇಲೆ: ಕಾಲಮ್ ಕಮಾಂಡ್ ಹೇಗಿದೆ?

ಕಾಲಮ್ ಅಂದರೆ ಪಟ್ಟಿಯ ಅಂಕಣಗಳನ್ನು ನೆಟ್ಟಗೆ ನಿಲ್ಲಿಸುವ ಲಿನಕ್ಸ್ ಕಮಾಂಡ್. ಗಂಗಾವತಿ ಕಡೆ ಒಂದು ಅಕ್ಕಿ ಗಿರಣಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಯಾವ ಊರಿಂದ ಎಷ್ಟು ಚೀಲ ಭತ್ತ ಬಂತು (ನಮ್ಮಲ್ಲಿ ಚೀಲ ಅಂದರೆ 75 ಕೆಜಿ), ತೇವಾಂಶ ಎಷ್ಟು, ದರ ಎಷ್ಟು ಎಂದು ದಿನಾ ಸಂಜೆ ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತ) ಪಟ್ಟಿ ತೆಗೆಯುತ್ತದೆ. ಮೊದಲ ದಿನ ಇಡೀ ಪಟ್ಟಿ ಒಂದೇ ಸಾಲಾಗಿ ಬಂತು. ಸಾವ್ಕಾರ್ರು ಕಾಗದ ತಿರುಗಿಸಿ ನೋಡಿ, "ಇದೇನಪಾ, ಎಲ್ಲಾ ಕೂಡ್ಸಿ ಒಂದ ರಾಶಿ ಹಾಕೀದಿ?" ಅಂದರು. ತಪ್ಪು ನನ್ನದೇ. ಕೊಟ್ಟದ್ದನ್ನು ಬರೆದು ತೋರಿಸುವ ಎಕೋ ಕಮಾಂಡ್‌ಗೆ ಪಟ್ಟಿ ತುಂಬಿದ ವೇರಿಯಬಲ್ ಕೊಡುವಾಗ ಡಬಲ್ ಕೋಟ್ ಬಿಟ್ಟಿದ್ದೆ. ಆಗ ಶೆಲ್ ಪದಗಳನ್ನೆಲ್ಲ ಬಿಡಿಸುತ್ತದೆ, ಎಕೋ ಅವನ್ನು ಒಂದೊಂದು ಸ್ಪೇಸ್ ಇಟ್ಟು ಪೋಣಿಸುತ್ತದೆ. ಕೋಟ್ ಹಾಕಿದ ಮೇಲೆ ಸಾಲು ಬಂದವು, ಅಂಕಣ ಮಾತ್ರ ಸೊಟ್ಟ. ಹಾಗೆ ಕಾಲಮ್‌ಗೆ ಬಂದೆ, ಪಟ್ಟಿಯಾಗಿ ಜೋಡಿಸುವ ಮೈನಸ್ ಟಿ ಆಯ್ಕೆ ಹಾಕಿ.

ಉಬುಂಟು ಎಂಬ ಲಿನಕ್ಸ್‌ನ 20.04 ಆವೃತ್ತಿಯಲ್ಲಿದ್ದ ಹಳೆಯ ಕಾಲಮ್ ಒಮ್ಮೆ ಮರ್ಯಾದೆ ತೆಗೆದಿತ್ತು. ಅಂಕಣಗಳ ನಡುವೆ ಕಾಮಾ ಇಟ್ಟಿದ್ದ ಪಟ್ಟಿಯಲ್ಲಿ, ತೇವಾಂಶ ನೋಡದ ಲೋಡಿಗೆ ಆ ಜಾಗ ಖಾಲಿ ಬಿಟ್ಟಿದ್ದೆ. ಅದು ಜೋಡಿ ಕಾಮಾವನ್ನು ಒಂದೇ ಎಂದು ಓದಿ, ದರವನ್ನು ತಂದು ತೇವಾಂಶದ ಕೆಳಗೆ ಕೂರಿಸಿತು. 22.04ಕ್ಕೆ ಬಂದ ಮೇಲೆ ಆ ಕಾಟ ಹೋಯಿತು. ಮೈನಸ್ ದೊಡ್ಡ ಆರ್ ಎಂಬ ಆಯ್ಕೆ ಕೂಡ ಸಿಕ್ಕಿತು: ಅಂಕಿಗಳು ಬಲಕ್ಕೆ ಒತ್ತಿ ನಿಲ್ಲುತ್ತವೆ, ಲೆಕ್ಕದ ಕಣ್ಣಿಗೆ ಅದೇ ಹಬ್ಬ.

ಕನ್ನಡದ ಹೆಸರುಗಳದ್ದು ಬೇರೆಯೇ ಪಾಡು. ಮೊದಲು ಬ್ಯಾಷ್ ಶೆಲ್‌ನ ಪ್ರಿಂಟ್‌ಎಫ್‌ನಲ್ಲಿ (ಹೇಳಿದ ಅಗಲಕ್ಕೆ ಬರೆದುಕೊಡುವ ಕಮಾಂಡ್) ಊರಿಗೆ 20ರ ಅಗಲ ಕೊಟ್ಟು ನೋಡಿದ್ದೆ. ಅದು ಎಣಿಸುವುದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ 3 ಬೈಟ್. ಕಾರಟಗಿ 18 ಬೈಟ್, ಎರಡು ಸ್ಪೇಸ್ ಸಿಕ್ಕವು. ಸಿಂಧನೂರು 24, ಒಂದೂ ಸಿಗದೆ ಚೀಲದ ಸಂಖ್ಯೆ ಊರಿಗೇ ಅಂಟಿಕೊಂಡಿತು. ಕಾಲಮ್ ಬೈಟ್ ಬಿಟ್ಟು ಪರದೆಯ ಅಗಲ ಲೆಕ್ಕ ಹಾಕುತ್ತದೆ, ಆದರೆ ನಮ್ಮ ಅಕ್ಷರಗಳ ಅಗಲ ಒಂದೇ ಸಮ ಎಲ್ಲಿದೆ? ಒತ್ತಕ್ಷರ ಬಂದ ಕಡೆ ಸಾಲು ಜರುಗುತ್ತದೆ. ಕಡೆಗೆ ಅಂಕಿಗಳನ್ನೆಲ್ಲ ಮುಂದೆ ತಂದು ಊರನ್ನು ಕೊನೆಯ ಅಂಕಣಕ್ಕೆ ತಳ್ಳಿದೆ. ಅದರ ಬಲಕ್ಕೆ ಏನೂ ಇಲ್ಲದ್ದರಿಂದ ಸೊಟ್ಟವಾದರೂ ಯಾರಿಗೂ ಕಾಣದು. "ಊರು ಮೊದ್ಲ ಬರಬೇಕಲ್ಲ?" ಎಂದು ಸಾವ್ಕಾರ್ರು ವಾರಗಟ್ಟಲೆ ಗೊಣಗಿದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು, ತೂಕದ ಲಾಗ್‌ಗೆ ಟೇಲ್ ಮೈನಸ್ ಎಫ್ (ಹೊಸ ಸಾಲು ಬಂದಂತೆಲ್ಲ ತೋರಿಸುತ್ತಲೇ ಇರುವ ಕಮಾಂಡ್) ಹಚ್ಚಿ ಅದರ ಸಾಲುಗಳನ್ನು ಕಾಲಮ್‌ಗೆ ಪೈಪ್ ಮಾಡಿದಾಗ ಪರದೆ ಖಾಲಿ ಕೂತಿದ್ದಕ್ಕೆ. ಎಲ್ಲಕ್ಕಿಂತ ಅಗಲದ್ದು ಯಾವುದೆಂದು ಗೊತ್ತಾಗಲು ಅದಕ್ಕೆ ಕೊನೆಯ ಸಾಲೂ ಬೇಕು, ಕಡೆಯ ಚೀಲ ಇಳಿಯುವ ತನಕ ಲೆಕ್ಕ ಬಾಯಿ ಬಿಡದ ನಮ್ಮ ಹಮಾಲರ ಮೇಸ್ತ್ರಿಯ ಹಾಗೆ. ಆ ಕೆಲಸಕ್ಕೆ ಮಾತ್ರ ಇವತ್ತಿಗೂ ಪ್ರಿಂಟ್‌ಎಫ್, ಊರಿನ ಹೆಸರು ಕೊನೆಗೆ.