ಎಫ್‌ಐ ಕಿತ್ತು ಕಾರ್ಬ್ ಹಾಕ್ತೀವಿ ಅನ್ನೋರ ಕೈಗೆ ಬಿಎಸ್6 ಗಾಡಿ ಕೊಡಬೇಡಿ

ಬಳ್ಳಾರಿ, ಹೊಸಪೇಟೆ ಕಡೆ ಗಾಡಿ ಮಾಡಿಫೈ ಮಾಡಿಸೋಕೆ ಹೊರಟಿರೋರು ಇದನ್ನ ಓದಿ ಆಮೇಲೆ ಹೋಗ್ರಿ. ಎಫ್‌ಐ ಅಂದ್ರೆ ಸೆನ್ಸರ್ ಲೆಕ್ಕ ನೋಡಿ ಪೆಟ್ರೋಲ್ ಸಿಂಪಡಿಸೋ ಫ್ಯುಯೆಲ್ ಇಂಜೆಕ್ಷನ್, ಕಾರ್ಬ್ ಅಂದ್ರೆ ಹಳೇ ಕಾಲದ ಕಾರ್ಬ್ಯುರೇಟರ್, ಬಿಎಸ್6 ಅಂದ್ರೆ ಈಗಿನ ಹೊಗೆ ನಿಯಮಕ್ಕೆ ತಕ್ಕಂತೆ ಬಂದ ಗಾಡಿ. "ಎಫ್‌ಐ ತಲೆನೋವಣ್ಣಾ, ಕಿತ್ತಾಕಿ ಕಾರ್ಬ್ ಕೂಡಿಸ್ತೀವಿ, ಸೆನ್ಸರ್ ಕಾಟನೇ ಇರಲ್ಲ" ಅಂತ ಹೇಳಿ ಒಂದು ಅಂಗಡಿಯೋರು ನಮ್ಮ ಬಿಎಸ್6 350 ಸಿಸಿ ಬೈಕಿಗೆ 18 ಸಾವಿರ ಕಿತ್ತುಕೊಂಡ್ರು. ಅಂಗಡಿ ಹೆಸರು ಹಾಕಲ್ಲ. ಮಾಡಿದ ಕೆಲಸ ಮಾತ್ರ ಬಿಚ್ಚಿಡ್ತೀನಿ, ಓದಿದ್ರೆ ನಿಮಗೇ ಗೊತ್ತಾಗ್ತದೆ.

ಮೊದಲಿದ್ದ ತೊಂದರೆ ಇಷ್ಟೇ: ಫ್ರೀ ಫ್ಲೋ (ಹೊಗೆ ಸಲೀಸಾಗಿ ಹೊರಹೋಗೋ) ಸೈಲೆನ್ಸರ್ ಹಾಕಿದ ಮೇಲೆ ಪ್ಲಗ್ ಕಪ್ಪಾಗೋದು, ಮೈಲೇಜ್ ಬೀಳೋದು, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಹೊಡೆಯೋದು. ಇದಕ್ಕೆ ಕಾರಣ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಅಲ್ಲ. ಎಂಜಿನ್ನಿಂದ ಸೈಲೆನ್ಸರಿಗೆ ಹೋಗೋ ಬೆಂಡ್ ಪೈಪಿನ ಜಾಯಿಂಟಲ್ಲಿ ಗ್ಯಾಸ್ಕೆಟ್ ಸರಿ ಕೂತಿಲ್ಲ ಅಂದ್ರೆ ಹೊರಗಿನ ಗಾಳಿ ಒಳಗೆ ಸೇರ್ತದೆ. ಆಕ್ಸಿಜನ್ ಸೆನ್ಸರ್ ಅದನ್ನ ನೋಡಿ "ಪೆಟ್ರೋಲ್ ಕಮ್ಮಿ ಆಯ್ತು" ಅಂತ ಇಸಿಯುಗೆ ಸುಳ್ಳು ವರದಿ ಕೊಡ್ತದೆ, ಇಸಿಯು ಇನ್ನಷ್ಟು ಸುರೀತದೆ. ಹೊಸ ಗ್ಯಾಸ್ಕೆಟ್, ಟೈಟಾದ ಕ್ಲಾಂಪ್, ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಕ್ಲೀನಿಂಗ್. ಸಾವಿರ ರೂಪಾಯಿಯೊಳಗೆ ಮುಗಿಯೋ ಕೆಲಸ. ಎಂಜಿನ್ ಚೆಕ್ ಲೈಟ್ ಉರೀತಿತ್ತು, ಸ್ಕ್ಯಾನರ್ ಹಾಕಿ ಏನು ತೊಂದರೆ ಅಂತ ಹೇಳೋ ಕೋಡ್ ಕೂಡ ಓದಲಿಲ್ಲ ಪುಣ್ಯಾತ್ಮರು. "ಇಸಿಯು ಲಾಕ್ ಇರ್ತೈತೆ, ಸೆಟ್ ಆಗಂಗಿಲ್ಲ" ಅಷ್ಟೇ ಮಾತು.

ಇನ್ನು ಅವರು ಕೂಡಿಸಿದ ಕಾರ್ಬ್. ಪಿಡಬ್ಲ್ಯೂಕೆ 28 (ಕೀಹಿನ್ ಕಂಪನಿಯ ಕಾರ್ಬ್) ಅಂತ ಹೇಳಿ ಕೊಟ್ಟಿದ್ದು ಅದರ ನಕಲು. ಅದಾದರೂ ಆಗಲಿ, ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತಿರುಪು) ಬದಲಿಸಿ ಸೆಟ್ ಮಾಡಬಹುದು. ಆದ್ರೆ ಗಾಡಿ ನಿಲ್ಲಿಸಿದ್ರೆ ಪೆಟ್ರೋಲ್ ವಾಸನೆ, ಓವರ್‌ಫ್ಲೋ ಪೈಪಿಂದ ಬಿಸಿ ಎಂಜಿನ್ ಮೇಲೆ ತೊಟ್ಟು ತೊಟ್ಟು. ಕೇಳಿದ್ದಕ್ಕೆ, "ಕಾರ್ಬ್ ಗಾಡಿ ಅಂದ್ಮೇಲೆ ಸ್ವಲ್ಪ ವಾಸ್ನೆ ಇರ್ತೈತಣ್ಣಾ, ಹಳೇ ಬುಲೆಟ್ ಓಡ್ಸಿಲ್ಲೇನು?"

ಸೈಡ್ ಪ್ಯಾನಲ್ ಬಿಚ್ಚಿದಾಗ ಮೈ ಉರಿದುಹೋಯ್ತು. ಕಪ್ಪು ಟೇಪ್ ಸುತ್ತಿದ ಒಂದು ಗಂಟು. ಬಿಚ್ಚಿದ್ರೆ ಒಳಗೆ ನಮ್ಮದೇ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋ ಮೂತಿ), ವೈರ್ ಸೇರಿಸೋ ಕಪ್ಲರ್ ಸಮೇತ. ಇಸಿಯುಗೆ ಇಂಜೆಕ್ಟರ್ ಇದೆ ಅನ್ನಿಸಬೇಕಲ್ಲ, ಅದಕ್ಕೆ ವೈರಿಗೆ ನೇತಾಕಿದ್ದಾರೆ! ಅಂದ್ರೆ ಇಸಿಯು ಕಿತ್ತೇ ಇಲ್ಲ. ಕಿತ್ತಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ. ಯಾಕಂದ್ರೆ ಇಂಥ ಗಾಡಿಯಲ್ಲಿ ಇಸಿಯು ಪೆಟ್ರೋಲ್ ಒಂದನ್ನೇ ನೋಡ್ಕೊಳ್ಳಲ್ಲ, ಪ್ಲಗ್ಗಿನ ಕಿಡಿನೂ ಅದರ ಕೈಲೇ ಇರೋದು. ಹಳೇ ಗಾಡಿಯ ಸಿಡಿಐ (ಕಿಡಿ ಕೊಡಿಸೋ ಡಬ್ಬಿ) ತಂದು ಹಾಕಿದ್ರೂ ನಡಿಯಲ್ಲ. ಎಂಜಿನ್ ಜೊತೆ ತಿರುಗೋ ಎಫ್‌ಐ ಮ್ಯಾಗ್ನೆಟ್ಟಿನ ಸುತ್ತ ಸಾಲು ಹಲ್ಲು ಇರ್ತವೆ, ಸಾದಾ ಸಿಡಿಐಗೆ ಬೇಕಾಗಿರೋದು ಒಂದೇ ಹಲ್ಲು. ಮ್ಯಾಗ್ನೆಟ್, ಆ ಹಲ್ಲು ಗುರುತಿಸೋ ಪಿಕಪ್ ಕಾಯಿಲ್, ಸಿಡಿಐ ಮೂರೂ ಜೋಡಿಯಾಗಿ ಬದಲಾಗಬೇಕು. ಇಲ್ಲಿ ಥ್ರಾಟಲ್ ಬಾಡಿ ಜೊತೆ ಥ್ರಾಟಲ್ ಸೆನ್ಸರೂ ಹೋಗಿದೆ. ಆಕ್ಸಿಲರೇಟರ್ ಎಷ್ಟು ತಿರುವಿದ್ರು ಅಂತ ಇಸಿಯುಗೆ ಗೊತ್ತೇ ಆಗ್ತಿಲ್ಲ, ಅಂದಾಜಿನ ಮೇಲೆ ಕಿಡಿಯ ಟೈಮಿಂಗ್ ಕೊಡ್ತಿದೆ. ಬಳ್ಳಾರಿ ಬಿಸಿಲಲ್ಲಿ ಲೋಡ್ ಬಿದ್ದಾಗ ಟಿಕ್ ಟಿಕ್ ಅಂತ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋ ಸದ್ದು) ಬರದೇ ಇನ್ನೇನಾಗ್ತದೆ?

ಇದಕ್ಕಿಂತ ಭಯಂಕರ ಟ್ಯಾಂಕಲ್ಲಿತ್ತು. ಪಂಪ್ ತೆಗೆದೇ ಇಲ್ಲ. ಅದರ ಪೈಪನ್ನೇ ಎಳ್ಕೊಂಡು ಬಂದು ಕಾರ್ಬಿಗೆ ಸಿಕ್ಕಿಸಿದ್ದಾರೆ, ನಡುವೆ ಒಂದು ಪ್ಲಾಸ್ಟಿಕ್ ಟ್ಯಾಪ್. ಎಫ್‌ಐ ಪಂಪ್ ಸಾಮಾನ್ಯವಾಗಿ 2.5ರಿಂದ 3 ಬಾರ್ ಒತ್ತಡ ಕೊಡ್ತದೆ. ಟ್ಯಾಂಕಿಂದ ತಾನಾಗೇ ಇಳಿಯೋ ಪೆಟ್ರೋಲಿಗೆ ಒಂದಡಿ ಎತ್ತರಕ್ಕೆ 0.02 ಬಾರ್ ಚಿಲ್ಲರೆ. ನೂರು ಪಟ್ಟು ಜಾಸ್ತಿ! ಕಾರ್ಬ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚೋ ಫ್ಲೋಟ್ ಪಿನ್ ಅದನ್ನ ತಡೆಯೋಕೆ ಸಾಧ್ಯವೇ ಇಲ್ಲ. ಉಕ್ಕಿದ್ದು ಸ್ವಲ್ಪ ಹೊರಗೆ, ಸ್ವಲ್ಪ ಸಿಲಿಂಡರಿಗೆ, ಅಲ್ಲಿಂದ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್ಲಿಗೆ. ಆಯಿಲ್ ಲೆವೆಲ್ ತಾನಾಗೇ ಏರಿತ್ತು, ಮೂಸಿದ್ರೆ ಪೆಟ್ರೋಲ್. ಬೆಂಕಿ ಹತ್ತದೇ ಇದ್ದಿದ್ದೇ ದೊಡ್ಡದು. ಇದಕ್ಕೂ ಉತ್ತರ ರೆಡಿ: "ಟ್ಯಾಪ್ ಅರ್ಧ ತಿರುವ್ಕೊಂಡು ಓಡ್ಸಣ್ಣಾ, ಸೆಟ್ ಆಗ್ತೈತೆ."

ಥ್ರಾಟಲ್ ಬಾಡಿ ವಾಪಸ್ ಕೊಡಪ್ಪಾ ಅಂದ್ರೆ "ಅದು ವೇಸ್ಟ್ ಆಗಿತ್ತಣ್ಣಾ, ಗುಜರಿಗೆ ಹಾಕಿದ್ವಿ." ಹೊಸದು ತಗೊಂಡ್ರೆ ಈ ನಕಲು ಕಾರ್ಬಿಗಿಂತ ಎಷ್ಟೋ ದುಬಾರಿ ಸಾಮಾನು ಅದು. ಗುಜರಿಗೆ ಹಾಕಿದ್ರಂತೆ! ಬಿಲ್ ಕೇಳಿದ್ದಕ್ಕೆ ಬಿಳಿ ಚೀಟಿ ಮೇಲೆ "ಕಾರ್ಬ್ ಸೆಟ್ಟಿಂಗ್ 18000" ಅಂತ ಗೀಚಿಕೊಟ್ಟರು.

ಕಾರ್ಬೇ ಕೆಟ್ಟದ್ದು ಅಂತಲ್ಲ. ಹುಟ್ಟಾ ಕಾರ್ಬ್ ಇರೋ ಗಾಡಿಗೆ ಒಳ್ಳೇ ಕಾರ್ಬ್ ಹಾಕ್ಕೊಳ್ರಿ. ಆಕ್ಸಿಲರೇಟರ್ ಕಾಲು ಭಾಗ ತಿರುವೋವರೆಗೆ ಪೈಲಟ್ ಜೆಟ್, ಅಲ್ಲಿಂದ ಮುಕ್ಕಾಲಿನವರೆಗೆ ನೀಡಲ್, ಅದರ ಮೇಲೆ ಮೇನ್ ಜೆಟ್, ಈ ಲೆಕ್ಕದಲ್ಲಿ ಒಂದೊಂದೇ ಬದಲಿಸಿ ನೋಡಬೇಕು. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಆದ್ರೆ ಇದಕ್ಕೆ ಸುಮಾರು 13.5, ಅಂದ್ರೆ ಹಳೇ ಜೆಟ್ಟಲ್ಲಿ ಗಾಡಿ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಓಡ್ತದೆ. ಆಕ್ಸಿಜನ್ ಸೆನ್ಸರ್ ಇರೋ ಎಫ್‌ಐ ಇದನ್ನ ತಾನೇ ಸರಿ ಮಾಡ್ಕೊಳ್ತದೆ, ಕಾರ್ಬಿಗೆ ಸ್ಕ್ರೂಡ್ರೈವರ್ ಹಿಡಿದು ನೀವೇ ಕೂಡಬೇಕು. ಏರ್ ಬಾಕ್ಸ್ ಕಿತ್ತು ಓಪನ್ ಫಿಲ್ಟರ್ ಹಾಕಿ ಸಂಡೂರು, ತೋರಣಗಲ್ಲು ರಸ್ತೆಗೆ ಹೋಗೋರಿಗೆ ನಾನೇನೂ ಹೇಳಲ್ಲ, ಅದಿರಿನ ಕೆಂಪು ಧೂಳೇ ಹೇಳ್ತದೆ.

ಸೈಲೆನ್ಸರ್, ಫಿಲ್ಟರ್ ಅಷ್ಟೇ ಬದಲಾಗಿದ್ರೆ ಎಫ್‌ಐ ಇಟ್ಕೊಂಡೇ ಪಿಗ್ಗಿಬ್ಯಾಕ್ ಕಂಟ್ರೋಲರ್ (ಇಸಿಯು ಲೆಕ್ಕ ತಿದ್ದೋ ಸಣ್ಣ ಡಬ್ಬಿ) ಹಾಕಿಸಿ, ಬೆಂಗಳೂರಲ್ಲೇ ತಯಾರಾಗೋ ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್ ಥರದ್ದು. ನಿಮ್ಮ ಮಾಡೆಲ್ಲಿಗೆ ಬರ್ತದಾ ಕೇಳಿ ತಗೊಳ್ಳಿ. ಕಿತ್ತ ಸಾಮಾನು ವಾಪಸ್ ಕೊಡ್ತೀವಿ ಅಂತ ಮೊದಲೇ ಬರೆಸ್ಕೊಳ್ರಿ. ಬಿಎಸ್6 ಗಾಡಿಗೆ ಕಾರ್ಬ್ ಹಾಕೋದು ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಬದಲಾಯಿಸೋದನ್ನ ತಡೆಯೋ 52ನೇ ಸೆಕ್ಷನ್ನಿಗೆ ಸಿಗೋ ಕೆಲಸ, ನಾಳೆ ಇನ್ಶೂರೆನ್ಸ್‌ನೋರು ಕೈ ಎತ್ತಿದ್ರೆ ಆ ಅಂಗಡಿಯೋನು ಬಂದು ನಿಲ್ಲಲ್ಲ.

ಈಗಾಗಲೇ ಹೀಗೆ ಹಾಕಿಸಿದೋರು ಎಂಜಿನ್ ಸ್ಟಾರ್ಟ್ ಮಾಡದೇ ಕೀ ಆನ್ ಮಾಡಿ ಟ್ಯಾಂಕಿಗೆ ಕಿವಿ ಕೊಡಿ. ಎರಡು ಮೂರು ಸೆಕೆಂಡ್ ಗುಂಯ್ ಅಂದ್ರೆ ಪಂಪ್ ಇನ್ನೂ ಒಳಗೇ ನಡೀತಿದೆ. ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಗಾಡಿ ತಳ್ಕೊಂಡೇ ಬೇರೆ ಮೆಕ್ಯಾನಿಕ್ ಹತ್ರ ಹೋಗಿ.